‘ಮೂಗು ಸರಿ ಮಾಡಿಸ್ಕೊಳ್ಳಿ’ ಅಂತಾರೆ ಡೈರೆಕ್ಟರ್: ಲೀ ವ್ಯಾನ್ ಕ್ಲೀಫ್ ಹಾಗೆ ನಾನೂ ಆಗಲ್ಲ ಅನ್ನಲೇ?

ಪ್ರಶ್ನೆ: ಸರ್, ನನಗೆ 36 ವರ್ಷ. ತುಮಕೂರಿನವನು. ಖಾಸಗಿ ಕಂಪನಿಯೊಂದರ ಸ್ಟೋರ್ಸ್‌ನಲ್ಲಿ ಕೆಲಸ. ಹವ್ಯಾಸಿ ನಾಟಕ ತಂಡದಲ್ಲಿ ಬಹಳ ಕಾಲದಿಂದ ಇದ್ದೇನೆ. ಕೆಲವು ಸೀರಿಯಲ್, ಎರಡು ಸಿನಿಮಾ ಮಾಡಿದ್ದೇನೆ. ಎಲ್ಲದರಲ್ಲೂ ವಿಲನ್ ಹಿಂದೆ ನಿಲ್ಲುವ ರೌಡಿಯೇ. ಒಂದೆರಡು ಡೈಲಾಗ್ ಸಿಕ್ಕರೆ ಅದೇ ಹೆಚ್ಚು. ನನ್ನದು ಉದ್ದನೆಯ ಗಿಳಿಮೂಗು. ಈಚೆಗೆ ಒಬ್ಬ ನಿರ್ದೇಶಕರು, ‘ಮೂಗು ಸರಿ ಮಾಡಿಸ್ಕೊಳ್ಳಿ, ಮುಂದಿನ ಪಿಕ್ಚರ್‌ನಲ್ಲಿ ಇನ್‌ಸ್ಪೆಕ್ಟರ್ ಪಾತ್ರ ಕೊಡ್ತೀನಿ’ ಅಂದರು. ಅದೇ ವಾರ ಒಂದು ರೀಲ್ ನೋಡಿದೆ. ಹಾಲಿವುಡ್‌ನ ಲೀ ವ್ಯಾನ್ ಕ್ಲೀಫ್ ಮೂಗಿನ ಆಪರೇಷನ್ ಬೇಡ ಅಂದು ಪಾತ್ರ ಕಳೆದುಕೊಂಡರಂತೆ, ಹಠ ಬಿಡದೆ ಕಾದರಂತೆ, ಕೊನೆಗೆ ಅದೇ ಮೂಗಿನಿಂದ ಸ್ಟಾರ್ ಆದರಂತೆ. ಇದು ನಿಜವಾ? ನಾನೂ ಆಗಲ್ಲ ಅಂದುಬಿಡಲೇ? ಮನೆಯಲ್ಲಿ ಹೆಂಡತಿ, ಇದೆಲ್ಲ ಸಾಕು ಅನ್ನುತ್ತಾಳೆ. ಕೆಲಸ ಬಿಟ್ಟು ಪೂರ್ತಿ ಇದಕ್ಕೇ ಇಳಿಯಲೋ, ನಟನೆಯನ್ನೇ ಬಿಡಲೋ ಗೊತ್ತಾಗುತ್ತಿಲ್ಲ.

ಉತ್ತರ: ನಿಮ್ಮ ಪತ್ರದಲ್ಲಿ ಮೂಗಿನ ಮಾತು ಮುಂದೆ ಬಂದಿದೆ. ಆದರೆ ಅದರ ಹಿಂದೆ ಇರುವ ಚಿಂತೆ ಬೇರೆ. ಇಷ್ಟು ವರ್ಷ ಆಯಿತು, ಇನ್ನೂ ಫ್ರೇಮಿನ ಅಂಚಿನಲ್ಲೇ ನಿಂತಿದ್ದೇನೆ, ಇದಕ್ಕೆ ಕಾರಣ ನನ್ನ ಮುಖವೋ, ನನ್ನ ನಟನೆಯೋ ಅನ್ನುವ ಚಿಂತೆ. ನಟನೆ ಕಲಿಸುವ ಕೆಲಸದಲ್ಲಿ ಈ ಪ್ರಶ್ನೆ ನನಗೆ ಮೇಲಿಂದ ಮೇಲೆ ಎದುರಾಗುತ್ತದೆ. ಮೊದಲು ವ್ಯಾನ್ ಕ್ಲೀಫ್ ಕತೆಯನ್ನು ಸರಿಯಾಗಿ ನೋಡೋಣ. ಅವರು ನನಗೆ ಬಹಳ ಇಷ್ಟವಾದ ನಟ. ರೀಲ್‌ನಲ್ಲಿ ಹೇಳಿದ್ದಕ್ಕಿಂತ ಅವರ ನಿಜವಾದ ಕತೆಯೇ ನಿಮಗೆ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಲೀ ವ್ಯಾನ್ ಕ್ಲೀಫ್ ಹುಟ್ಟಿದ್ದು 1925ರಲ್ಲಿ, ಅಮೆರಿಕದ ನ್ಯೂಜೆರ್ಸಿ ರಾಜ್ಯದ ಸೋಮರ್‌ವಿಲ್ ಊರಿನಲ್ಲಿ. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆ ಸೇರಿ, ಸಮುದ್ರದಲ್ಲಿ ಹುದುಗಿಸಿಟ್ಟ ಬಾಂಬ್‌ಗಳನ್ನು ತೆಗೆಯುವ ಹಡಗಿನಲ್ಲಿ ದುಡಿದರು. ವಾಪಸ್ ಬಂದ ಮೇಲೆ ಲೆಕ್ಕಪತ್ರದ ಕೆಲಸ. ಜೊತೆಗೆ ನಿಮ್ಮ ಹಾಗೇ ಊರಿನ ಹವ್ಯಾಸಿ ತಂಡದಲ್ಲಿ ನಾಟಕ. ಅಲ್ಲಿಂದ ‘ಮಿಸ್ಟರ್ ರಾಬರ್ಟ್ಸ್’ ನಾಟಕದ ಪ್ರವಾಸಿ ತಂಡ ಸೇರಿದರು. ಆ ತಂಡ ಲಾಸ್ ಏಂಜಲೀಸ್‌ಗೆ ಹೋದಾಗ ನಿರ್ಮಾಪಕ ಸ್ಟಾನ್ಲಿ ಕ್ರೇಮರ್ ಕಣ್ಣಿಗೆ ಬಿದ್ದರು. ಕ್ರೇಮರ್ ಆಗ ‘ಹೈ ನೂನ್’ ಚಿತ್ರಕ್ಕೆ ನಟರನ್ನು ಹುಡುಕುತ್ತಿದ್ದರು.

ಮೂಗಿನ ಪ್ರಸಂಗ ಬರುವುದು ಇಲ್ಲಿ. ನಾಯಕನಿಗೆ ಕೈಕೊಡುವ ಡೆಪ್ಯುಟಿಯ, ಅಂದರೆ ಅವನ ಸಹಾಯಕ ಅಧಿಕಾರಿಯ ಪಾತ್ರ ಕೊಡುತ್ತೇವೆ, ಆದರೆ ಮೂಗು ಸರಿ ಮಾಡಿಸಿಕೊಳ್ಳಬೇಕು ಎಂದು ಷರತ್ತು ಹಾಕಿದರು. ವ್ಯಾನ್ ಕ್ಲೀಫ್ ಒಪ್ಪಲಿಲ್ಲ. ಆ ಪಾತ್ರ ಲಾಯ್ಡ್ ಬ್ರಿಡ್ಜಸ್‌ಗೆ ಹೋಯಿತು. ಇದು ವ್ಯಾನ್ ಕ್ಲೀಫ್ ತಾವೇ ಹೇಳಿಕೊಂಡು ಬಂದ ಸಂಗತಿ. ಹಾಗಾಗಿ ರೀಲ್‌ನ ಆ ಭಾಗ ಸರಿ. ರೀಲ್ ಮಾಡಿದವರು ಬಿಟ್ಟದ್ದು ಮುಂದಿನದನ್ನು. ‘ಆಗಲ್ಲ’ ಅಂದ ಮೇಲೆ ವ್ಯಾನ್ ಕ್ಲೀಫ್ ಮನೆಗೆ ಹೋಗಿ ಕೂರಲಿಲ್ಲ. ಅದೇ ಚಿತ್ರದಲ್ಲಿ ಅದಕ್ಕಿಂತ ಸಣ್ಣ ಪಾತ್ರ ಕೊಟ್ಟರು, ತೆಗೆದುಕೊಂಡರು. ಜ್ಯಾಕ್ ಕೋಲ್ಬಿ ಅನ್ನುವ ಕೇಡಿ. ಇಡೀ ಚಿತ್ರದಲ್ಲಿ ಒಂದೇ ಒಂದು ಡೈಲಾಗ್ ಇಲ್ಲ.

ಆ ಚಿತ್ರದ ಮೊದಲ ದೃಶ್ಯ ಒಮ್ಮೆ ಹಾಕಿಕೊಂಡು ನೋಡಿ. ತೆರೆಯ ಮೇಲೆ ಮೊದಲು ಕಾಣುವ ಮುಖವೇ ಅವರದು. ಬಯಲಿನಲ್ಲಿ ಒಬ್ಬನೇ ಕೂತು ಸಿಗರೇಟು ಸೇದುತ್ತಿದ್ದಾನೆ. ಹಿನ್ನೆಲೆಯಲ್ಲಿ ಹಾಡು ನಡೆದಿದೆ. ದೂರದಿಂದ ಕುದುರೆ ಸವಾರ ಬರುತ್ತಾನೆ, ಇವನು ಏಳುತ್ತಾನೆ. ಅಷ್ಟೇ. ಕಾಯುವುದನ್ನು ‘ತೋರಿಸಲು’ ಅವರು ಏನೂ ಮಾಡುವುದಿಲ್ಲ. ಕಣ್ಣು ಕಿರಿದು ಮಾಡುವುದಿಲ್ಲ, ಹಲ್ಲು ಕಡಿಯುವುದಿಲ್ಲ. ಆದರೂ ಇವನು ಯಾರನ್ನೋ ಕೊಲ್ಲಲು ಹೊರಟವನು ಎಂದು ನಮಗೆ ತಿಳಿಯುತ್ತದೆ. ಮುಂದೆ ರೈಲ್ವೆ ಸ್ಟೇಷನ್‌ನಲ್ಲಿ ತಮ್ಮ ಗ್ಯಾಂಗಿನ ನಾಯಕ ಬರುವ ರೈಲಿಗೆ ಕಾಯುವಾಗ ಇವನು ಮೌತ್ ಆರ್ಗನ್ ನುಡಿಸುತ್ತಾನೆ. ಡೈಲಾಗ್ ಇಲ್ಲದ ಪಾತ್ರ ಅಂದರೆ ಶಿಕ್ಷೆ ಎಂದುಕೊಳ್ಳುವವರಿಗೆಲ್ಲ ನಾನು ಈ ಪಾತ್ರವನ್ನು ತೋರಿಸುತ್ತೇನೆ.

ಇನ್ನು ‘ಹಠ ಬಿಡದೆ ಕಾದರು’ ಅನ್ನುವ ಮಾತು. ಇದು ತಪ್ಪು. ಅವರು ಕಾಯಲಿಲ್ಲ, ದುಡಿದರು. ‘ಹೈ ನೂನ್’ ಬಂದದ್ದು 1952ರಲ್ಲಿ. ಅವರ ಹಣೆಬರಹ ಬದಲಾಯಿಸಿದ ಚಿತ್ರ ಬಂದದ್ದು 1965ರಲ್ಲಿ. ನಡುವಿನ 13 ವರ್ಷಗಳ ಬಹುಪಾಲು ಅವರು ಮಾಡಿದ್ದು ನಿಮ್ಮ ಕೆಲಸವನ್ನೇ. ವಿಲನ್ ಕಡೆಯವನು, ಎರಡನೇ ರೀಲಿನಲ್ಲೋ ಕೊನೆಯಲ್ಲೋ ಗುಂಡು ತಿಂದು ಬೀಳುವವನು. ‘ಗನ್‌ಫೈಟ್ ಅಟ್ ದಿ ಓ.ಕೆ. ಕೊರಾಲ್’, ‘ದಿ ಟಿನ್ ಸ್ಟಾರ್’, ‘ದಿ ಬ್ರವಾಡೋಸ್’ ಹೀಗೆ ಸಾಲು ಸಾಲು ಸಿನಿಮಾ. ಟಿವಿಯಲ್ಲಿ ‘ಗನ್‌ಸ್ಮೋಕ್’, ‘ದಿ ರೈಫಲ್‌ಮ್ಯಾನ್’ ತರಹದ ಸರಣಿಗಳಲ್ಲಿ ಒಂದೊಂದು ಕಂತಿನ ಕೇಡಿ.

ಅದರಲ್ಲೂ 1959ರ ‘ರೈಡ್ ಲೋನ್‌ಸಮ್’ ನೋಡಿ. ಅವರು ಬರುವುದು ಕೆಲವೇ ನಿಮಿಷ. ಪಾತ್ರದ ಹೆಸರು ಫ್ರ್ಯಾಂಕ್. ನಾಯಕ ಇವನ ತಮ್ಮನನ್ನು ಹಿಡಿದುಕೊಂಡು ಹೋಗುತ್ತಿದ್ದಾನೆ. ನಾಯಕನಿಗೆ ಬೇಕಿರುವುದು ತಮ್ಮನಲ್ಲ, ನಾನು ಎಂದು ಫ್ರ್ಯಾಂಕ್‌ಗೆ ಹೊಳೆಯುತ್ತದೆ. ಹಿಂದೊಮ್ಮೆ ಇವನು ನಾಯಕನ ಹೆಂಡತಿಯನ್ನು ಮರಕ್ಕೆ ನೇಣು ಹಾಕಿದ್ದ. ಅದು ಹೆಚ್ಚುಕಮ್ಮಿ ಮರೆತೇ ಹೋಗಿತ್ತು ಎಂದು ತನ್ನ ಜೊತೆಗಾರರ ಮುಂದೆ ಹೇಳುತ್ತಾನೆ. ಈ ಮಾತನ್ನು ಅಬ್ಬರಿಸಿ ಹೇಳುವುದು ಸುಲಭ. ಅವರು ಹಾಗೆ ಮಾಡುವುದಿಲ್ಲ. ಎಲ್ಲೋ ಇಟ್ಟು ಮರೆತ ವಸ್ತು ನೆನಪಾದವನ ಹಾಗೆ ತಣ್ಣಗೆ ಹೇಳುತ್ತಾರೆ. ಒಂದು ಕೊಲೆ ಒಬ್ಬನ ಬದುಕನ್ನೇ ಹಾಳು ಮಾಡಿದೆ, ಕೊಂದವನಿಗೆ ಅದರ ನೆನಪೂ ಸರಿಯಾಗಿಲ್ಲ. ಆ ಚಿತ್ರದ ಭಾರವೆಲ್ಲ ಈ ಕೆಲವೇ ನಿಮಿಷದ ನಟನ ಮೇಲೆ ಕೂತಿದೆ.

ಆಮೇಲೆ ಕಷ್ಟದ ಕಾಲ ಬಂತು. 1950ರ ದಶಕದ ಕೊನೆಯ ಹೊತ್ತಿಗೆ ಕಾರು ಅಪಘಾತವಾಗಿ ಮಂಡಿ ಜಜ್ಜಿಹೋಯಿತು. ಇನ್ನು ಕುದುರೆ ಹತ್ತುವುದು ಕನಸಿನ ಮಾತು ಎಂದರು ಡಾಕ್ಟರು. ಕುದುರೆ, ಬಂದೂಕಿನ ಕೌಬಾಯ್ ಕತೆಗಳ ವೆಸ್ಟರ್ನ್ ಚಿತ್ರಗಳಲ್ಲಿ ಹೊಟ್ಟೆ ಹೊರೆಯುವವನಿಗೆ ಇದು ಎಂಥ ಪೆಟ್ಟು ಯೋಚನೆ ಮಾಡಿ. ಮಂಡಿ ನೋವು ಜೀವನಪೂರ್ತಿ ಉಳಿಯಿತು. ಕೆಲವು ಕಾಲ ನಟನೆ ನಿಂತೇ ಹೋಯಿತು. ಅವರು ಹೆಂಡತಿಯ ಜೊತೆ ಮನೆಗಳ ಒಳಾಂಗಣ ಅಲಂಕಾರದ ವ್ಯಾಪಾರ ಶುರು ಮಾಡಿದರು. ಸಮುದ್ರ, ಬೆಟ್ಟ ಬಯಲಿನ ಚಿತ್ರಗಳನ್ನು ಬರೆದರು. ಹಾಗಂತ ಕ್ಯಾಮೆರಾ ಕಡೆ ಪೂರ್ತಿ ಬೆನ್ನು ತಿರುಗಿಸಲಿಲ್ಲ. 1962ರಲ್ಲಿ ಜಾನ್ ಫೋರ್ಡ್ ಅವರ ‘ದಿ ಮ್ಯಾನ್ ಹೂ ಶಾಟ್ ಲಿಬರ್ಟಿ ವ್ಯಾಲೆನ್ಸ್’ ಚಿತ್ರದಲ್ಲಿ ಮತ್ತೆ ವಿಲನ್‌ನ ಬಲಗೈ ಬಂಟರಲ್ಲಿ ಒಬ್ಬರಾದರು. ಆ ವಿಲನ್ ಲೀ ಮಾರ್ವಿನ್. ಈ ಹೆಸರು ನೆನಪಿಟ್ಟುಕೊಳ್ಳಿ.

1965. ಇಟಲಿಯ ನಿರ್ದೇಶಕ ಸೆರ್ಜಿಯೋ ಲಿಯೋನೆ ತಮ್ಮ ‘ಫಾರ್ ಎ ಫ್ಯೂ ಡಾಲರ್ಸ್ ಮೋರ್’ ಚಿತ್ರಕ್ಕೆ, ಕ್ಲಿಂಟ್ ಈಸ್ಟ್‌ವುಡ್ ಸರಿಸಮ ನಿಲ್ಲುವ ಕರ್ನಲ್ ಮಾರ್ಟಿಮರ್ ಪಾತ್ರಕ್ಕೆ ನಟನನ್ನು ಹುಡುಕುತ್ತಿದ್ದರು. ಹೆನ್ರಿ ಫೋಂಡಾ ಬೇಕೆಂದಿದ್ದರು, ಆಗಲಿಲ್ಲ. ಲೀ ಮಾರ್ವಿನ್ ಹತ್ತಿರ ಹತ್ತಿರ ಒಪ್ಪಿ, ಕೊನೆಗೆ ಕೈಗೆ ಸಿಗಲಿಲ್ಲ. ಆಗ ಲಿಯೋನೆಗೆ ಹಳೆಯ ಸಿನಿಮಾಗಳಲ್ಲಿ ಕಂಡ ಒಂದು ಮುಖ ನೆನಪಾಯಿತು. ಅಂದರೆ, ಮೂರು ವರ್ಷದ ಹಿಂದೆ ಲೀ ಮಾರ್ವಿನ್ ಹಿಂದೆ ನಿಂತಿದ್ದ ಬಂಟನಿಗೆ ಈಗ ಅದೇ ಮಾರ್ವಿನ್ ಬಿಟ್ಟ ಪಾತ್ರ ಬಂತು. ಆ ಹೊತ್ತಿಗೆ ಫೋನ್ ಬಿಲ್ ಕಟ್ಟಲೂ ನನ್ನ ಹತ್ತಿರ ದುಡ್ಡಿರಲಿಲ್ಲ ಎಂದು ವ್ಯಾನ್ ಕ್ಲೀಫ್ ಆಮೇಲೆ ಹೇಳಿದ್ದಾರೆ. ಆ ಚಿತ್ರಕ್ಕೆ ಸಿಕ್ಕಿದ್ದು 17 ಸಾವಿರ ಡಾಲರ್. ಒಂದೇ ವರ್ಷದಲ್ಲಿ, ‘ದಿ ಗುಡ್, ದಿ ಬ್ಯಾಡ್ ಆ್ಯಂಡ್ ದಿ ಅಗ್ಲಿ’ ಹೊತ್ತಿಗೆ ಅದು ಲಕ್ಷ ಡಾಲರ್ ದಾಟಿತಂತೆ.

ಇಲ್ಲಿ ನಿಲ್ಲಬೇಕು. ಇದರಲ್ಲಿ ಅದೃಷ್ಟ ಇದೆ, ಬಹಳ ಇದೆ. ಇಬ್ಬರು ದೊಡ್ಡ ನಟರು ಒಲ್ಲೆ ಅನ್ನದಿದ್ದರೆ ಈ ಕತೆಯೇ ಇಲ್ಲ. ಇದನ್ನು ಬಿಟ್ಟು ‘ಹಠ ಇದ್ದರೆ ಗೆಲ್ಲಬಹುದು’ ಎಂದು ನಿಮಗೆ ಹೇಳಿದರೆ ಅದು ಮೋಸ. ಆದರೆ ಲಿಯೋನೆಗೆ ನೆನಪಾಗಲು ಏನಾದರೂ ಇರಬೇಕಿತ್ತಲ್ವಾ? ಆ ‘ಏನಾದರೂ’ ಅಂದರೆ 13 ವರ್ಷದ ಸಣ್ಣ ಪಾತ್ರಗಳು. ಅವೆಲ್ಲ ಒಳ್ಳೆಯದಾಗಿ ಮಾಡಿದ ಸಣ್ಣ ಪಾತ್ರಗಳು.

ಮುಖದ ವಿಷಯಕ್ಕೂ ಬರೋಣ. ಹಾಲಿವುಡ್‌ನಲ್ಲಿ ಅಡ್ಡಿಯಾದ ಮೂಗು ಇಟಲಿಯವರಿಗೆ ಯಾಕೆ ಬೇಕಾಯಿತು? ಕಾರಣ ಇದೆ. ಆ ಕಾಲದ ಇಟಲಿಯಲ್ಲಿ ಚಿತ್ರೀಕರಣದ ವೇಳೆ ಧ್ವನಿ ಮುದ್ರಿಸುತ್ತಿರಲಿಲ್ಲ. ಮಾತೆಲ್ಲ ಆಮೇಲೆ ಡಬ್ಬಿಂಗ್. ಒಬ್ಬೊಬ್ಬ ನಟ ಒಂದೊಂದು ಭಾಷೆ ಆಡುತ್ತಿದ್ದ. ಹಾಗಾಗಿ ಮಾತಿಗಿಂತ ಮುಖ ಮುಖ್ಯ. ಜೊತೆಗೆ ಲಿಯೋನೆ ಬಳಸಿದ್ದು ಟೆಕ್ನಿಸ್ಕೋಪ್ ಎಂಬ, ಕಡಿಮೆ ಫಿಲಂ ಖರ್ಚಾಗುವ ಅಗಲ ತೆರೆಯ ವಿಧಾನ. ಆ ಅಗಲದ ತೆರೆಯ ತುಂಬ ಅವರು ಬರೀ ಕಣ್ಣು, ಮೂಗು, ಕೆನ್ನೆಯ ಗೆರೆ ತುಂಬಿಸಿದರು. ನುಣುಪು ಮುಖದಲ್ಲಿ ಅಷ್ಟು ಹೊತ್ತು ನೋಡುವಂಥದ್ದು ಏನೂ ಇರುವುದಿಲ್ಲ. ವ್ಯಾನ್ ಕ್ಲೀಫ್ ಮುಖದಲ್ಲಿ ಇತ್ತು. ಆಗ ಅವರಿಗೆ ಬರೀ 40. ಈಸ್ಟ್‌ವುಡ್‌ಗಿಂತ ಐದೇ ವರ್ಷ ದೊಡ್ಡವರು. ಆದರೂ ತೆರೆಯ ಮೇಲೆ ಒಂದು ತಲೆಮಾರು ಹಿರಿಯನಂತೆ ಕಾಣುತ್ತಾರೆ, ಈಸ್ಟ್‌ವುಡ್ ‘ಮುದುಕ’ ಎಂದು ಕರೆದರೆ ನಾವು ನಂಬುತ್ತೇವೆ.

ಹಾಗಂತ ಮುಖ ಒಂದೇ ಸಾಲದು. ಆ ಚಿತ್ರದಲ್ಲಿ ಗೂನುಬೆನ್ನಿನ ಕೇಡಿಯಾಗಿ ಕ್ಲೌಸ್ ಕಿನ್ಸ್ಕಿ ಇದ್ದಾರೆ. ಮಾರ್ಟಿಮರ್ ಬಾರಿನಲ್ಲಿ ಅವನ ಬೆನ್ನಿಗೇ ಬೆಂಕಿಕಡ್ಡಿ ಗೀರುತ್ತಾನೆ, ಪೈಪು ಹಚ್ಚಲು. ಕಿನ್ಸ್ಕಿಯ ಮುಖ ಸಿಟ್ಟಿನಿಂದ ಅದುರುತ್ತದೆ, ಒಂದೊಂದು ಸ್ನಾಯುವೂ ಕುಣಿಯುತ್ತದೆ. ಎದುರಿಗೆ ವ್ಯಾನ್ ಕ್ಲೀಫ್ ಸುಮ್ನೆ ನಿಂತಿದ್ದಾರೆ. ನಮ್ಮ ಕಣ್ಣು ಹೋಗುವುದು ಇವರ ಕಡೆಗೇ. ಸುಮ್ಮನಿರುವುದನ್ನು ಅವರು ಡೈಲಾಗ್ ಇಲ್ಲದ ಪಾತ್ರಗಳಲ್ಲಿ ಕಲಿತಿದ್ದರು.

ಗೆದ್ದ ಮೇಲೂ ಎಲ್ಲ ಸಲೀಸಾಗಲಿಲ್ಲ, ಅದನ್ನೂ ಹೇಳಬೇಕು. ಯೂರೋಪಿನಲ್ಲಿ ‘ದಿ ಬಿಗ್ ಗನ್‌ಡೌನ್’, ‘ಡೆತ್ ರೈಡ್ಸ್ ಎ ಹಾರ್ಸ್’, ‘ಸಬಾಟಾ’ ಚಿತ್ರಗಳ ನಾಯಕರಾದರು. ಇಟಲಿಯ ವೆಸ್ಟರ್ನ್ ಅಲೆ 1970ರ ದಶಕದಲ್ಲಿ ಇಳಿಯಿತು, ಅದರ ಜೊತೆ ಅವರ ಬೇಡಿಕೆಯೂ ಇಳಿಯಿತು. 1981ರ ‘ಎಸ್ಕೇಪ್ ಫ್ರಂ ನ್ಯೂಯಾರ್ಕ್’ನಲ್ಲಿ ಒಳ್ಳೆಯ ಪೋಷಕ ಪಾತ್ರ ಸಿಕ್ಕಿತು. 1984ರಲ್ಲಿ ‘ದಿ ಮಾಸ್ಟರ್’ ಎಂಬ ಟಿವಿ ಸರಣಿ 13 ಕಂತಿಗೆ ಮುಗಿಯಿತು. 1989ರಲ್ಲಿ ಕ್ಯಾಲಿಫೋರ್ನಿಯಾದ ಆಕ್ಸ್‌ನಾರ್ಡ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಆಗ 64 ವರ್ಷ.

ರೀಲ್‌ನಲ್ಲಿ ಬರದ ಇನ್ನೊಬ್ಬರ ಬಗ್ಗೆಯೂ ಹೇಳುತ್ತೇನೆ. ‘ಲಿಬರ್ಟಿ ವ್ಯಾಲೆನ್ಸ್’ನಲ್ಲಿ ಮಾರ್ವಿನ್‌ಗೆ ಇಬ್ಬರು ಬಂಟರು. ಒಬ್ಬರು ವ್ಯಾನ್ ಕ್ಲೀಫ್. ಇನ್ನೊಬ್ಬರು ಸ್ಟ್ರೋದರ್ ಮಾರ್ಟಿನ್. ಇವರಿಗೆ ಯಾವ ಲಿಯೋನೆಯೂ ಫೋನ್ ಮಾಡಲಿಲ್ಲ. ಬಹುಪಾಲು ಪೋಷಕ ನಟನಾಗಿಯೇ ಉಳಿದರು. 1967ರ ‘ಕೂಲ್ ಹ್ಯಾಂಡ್ ಲ್ಯೂಕ್’ನಲ್ಲಿ ಜೈಲಿನ ಕ್ಯಾಪ್ಟನ್ ಆಗಿ ಅವರು ಆಡಿದ ಒಂದು ಮಾತು ಅಮೆರಿಕದಲ್ಲಿ ಮನೆಮಾತಾಯಿತು. 1969ರಲ್ಲಿ ‘ಟ್ರೂ ಗ್ರಿಟ್’, ‘ದಿ ವೈಲ್ಡ್ ಬಂಚ್’, ‘ಬುಚ್ ಕ್ಯಾಸಿಡಿ ಆ್ಯಂಡ್ ದಿ ಸನ್‌ಡ್ಯಾನ್ಸ್ ಕಿಡ್’ ಮೂರರಲ್ಲೂ ಅವರಿದ್ದಾರೆ. ಮೂರರಲ್ಲೂ ಬೇರೆ ಬೇರೆ ಮನುಷ್ಯ. ನಾಯಕನಾಗದೆ ಇರುವುದು ಸೋಲು ಎಂದು ನಿಮಗೆ ಅನಿಸುತ್ತಿದ್ದರೆ ಈ ಮೂರು ಚಿತ್ರ ನೋಡಿ. ನನ್ನ ಮಟ್ಟಿಗೆ ಇವರು ವ್ಯಾನ್ ಕ್ಲೀಫ್‌ಗಿಂತ ಒಂದು ಕೂದಲೂ ಕಡಿಮೆಯಲ್ಲ.

ಈಗ ನಿಮ್ಮ ಮೂಗು. ವ್ಯಾನ್ ಕ್ಲೀಫ್ ಬೇಡ ಅಂದರು ಎಂಬ ಕಾರಣಕ್ಕೆ ನೀವೂ ಬೇಡ ಅನ್ನಬೇಡಿ. ನಿರ್ದೇಶಕರು ಹೇಳಿದರು ಎಂಬ ಕಾರಣಕ್ಕೆ ಹೂಂ ಅನ್ನಲೂಬೇಡಿ. ಉಸಿರಾಟದ ತೊಂದರೆ ಇದ್ದರೆ ಅದು ಡಾಕ್ಟರ ಮಾತು, ಸಿನಿಮಾದವರನ್ನು ಕೇಳುವ ಅಗತ್ಯವೇ ಇಲ್ಲ. ಕನ್ನಡಿ ನೋಡಿದಾಗಲೆಲ್ಲ ನಿಮಗೇ ಬಹಳ ವರ್ಷದಿಂದ ಬೇಸರ ಇದ್ದರೆ ಅದೂ ನಿಮ್ಮ ಸ್ವಂತ ವಿಷಯ, ನಾಚಿಕೆ ಬೇಡ, ಅನುಭವ ಇರುವ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಮಾತಾಡಿ. ಆದರೆ ಒಂದು ಪಾತ್ರಕ್ಕಾಗಿ ಮಾತ್ರ ಅನ್ನುವುದಾದರೆ ಲೆಕ್ಕ ಹಾಕಿ. ಇಂಥ ಆಪರೇಷನ್ ಆದ ಮೇಲೆ ಊತ ಪೂರ್ತಿ ಇಳಿದು ಮೂಗು ತನ್ನ ಆಕಾರಕ್ಕೆ ಬರಲು ವರ್ಷವೇ ಹಿಡಿಯಬಹುದು. ಕೆಲವರಿಗೆ ಎರಡನೇ ಸಲ ಮಾಡಿಸಬೇಕಾಗುತ್ತದೆ. ಅಷ್ಟರಲ್ಲಿ ಆ ಸಿನಿಮಾ ಸೆಟ್ಟೇರಿರುತ್ತದೋ ಇಲ್ಲವೋ ಯಾರಿಗೆ ಗೊತ್ತು? ಸೀರಿಯಲ್ ನಡೆಯುತ್ತಿದ್ದರೆ ಹಿಂದಿನ ಕಂತಿನ ಮುಖಕ್ಕೂ ಮುಂದಿನದಕ್ಕೂ ಹೊಂದದ ಕಂಟಿನ್ಯೂಟಿ ತೊಂದರೆ ಬೇರೆ. ಇನ್ನೊಂದು ವಿಷಯ: ಮೇಕಪ್‌ನಲ್ಲಿ ಮೂಗನ್ನು ದೊಡ್ಡದು ಮಾಡಬಹುದು, ಇದ್ದದ್ದನ್ನು ಕತ್ತರಿಸಿದ ಮೇಲೆ ವಾಪಸ್ ತರುವುದು ಕಷ್ಟ.

ಆ ನಿರ್ದೇಶಕರಿಗೆ ಹೀಗೆ ಹೇಳಿ: ‘ಸರ್, ಮೊದಲು ಇದೇ ಮುಖದಲ್ಲಿ ಯೂನಿಫಾರ್ಮ್ ಹಾಕಿ ಒಂದು ಲುಕ್ ಟೆಸ್ಟ್ ಮಾಡೋಣ, ಒಂದು ಸೀನ್ ಕೊಡಿ, ಮಾಡಿ ತೋರಿಸ್ತೀನಿ.’ ನಿಜವಾಗಿ ನಿಮ್ಮನ್ನು ಹಾಕಿಕೊಳ್ಳುವ ಮನಸ್ಸಿದ್ದರೆ ಒಪ್ಪುತ್ತಾರೆ. ಅಷ್ಟಕ್ಕೂ ಗಿಳಿಮೂಗಿನ ಇನ್‌ಸ್ಪೆಕ್ಟರ್ ಇರಬಾರದು ಎಂದು ಯಾವ ಊರಿನಲ್ಲಿದೆ? ಟೆಸ್ಟ್‌ಗೂ ಒಪ್ಪದೆ, ಪಾತ್ರ ಏನು, ಪೇಮೆಂಟ್ ಎಷ್ಟು ಎಂದು ಬರೆದುಕೊಡಲೂ ಒಪ್ಪದೆ, ಇಂಥದ್ದೇ ಕ್ಲಿನಿಕ್‌ಗೆ ಹೋಗಿ ಎಂದು ಬೇರೆ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಆ ಮಾತಿಗೆ ಬೆಲೆ ಇಲ್ಲ.

ಬೇಡ ಅಂದರೆ ಪಾತ್ರ ಕೈತಪ್ಪಬಹುದು. ವ್ಯಾನ್ ಕ್ಲೀಫ್‌ಗೂ ತಪ್ಪಿತು. ಆ ನಷ್ಟ ನಿಜ, ಅದನ್ನು ಸಣ್ಣದು ಅನ್ನಲಾರೆ. ಆದರೆ ಆಗ ಅವರು ಮಾಡಿದ್ದನ್ನು ನೀವೂ ಮಾಡಬಹುದು. ಮೂಗಿಗೆ ಆಗಲ್ಲ ಅಂದರು, ಸಣ್ಣ ಪಾತ್ರಕ್ಕೆ ಆಗಲಿ ಅಂದರು. ಸಿಟ್ಟು ಮಾಡಿಕೊಳ್ಳದೆ ‘ಬೇರೆ ಏನಿದೆ ಸರ್’ ಎಂದು ಕೇಳಿ. ವಿಲನ್ ಹಿಂದೆ ನಿಂತಾಗಲೂ ನಿಮ್ಮ ಪಾತ್ರಕ್ಕೆ ಒಂದು ಕಾರಣ ಇಟ್ಟುಕೊಳ್ಳಿ. ಇವನು ಈ ಬಾಸ್ ಹತ್ತಿರ ಯಾಕಿದ್ದಾನೆ? ಸಾಲವೋ, ಭಯವೋ, ಅಭಿಮಾನವೋ? ಹತ್ತು ರೌಡಿಗಳ ನಡುವೆ ನಿಮ್ಮನ್ನು ಬೇರೆಯಾಗಿ ಕಾಣಿಸುವುದು ಇದೇ.

ಕೆಲಸ ಬಿಡಬೇಡಿ. ಇದನ್ನು ನಾನು ಎಷ್ಟು ಒತ್ತಿ ಹೇಳಿದರೂ ಸಾಲದು. ನಾಳೆಯ ಬಾಡಿಗೆ ಚಿಂತೆಯಲ್ಲಿ ಸೆಟ್‌ಗೆ ಬಂದ ನಟ ಕ್ಯಾಮೆರಾ ಮುಂದೆ ಬೇಡುತ್ತಾನೆ, ಅದು ಮುಖದಲ್ಲಿ ಕಾಣುತ್ತದೆ. ಸಂಬಳ ಇದ್ದರೆ ಕೆಟ್ಟ ಷರತ್ತಿಗೆ ಆಗಲ್ಲ ಅನ್ನಬಹುದು. ರಜೆ ಹೊಂದಿಸಿಕೊಂಡು ಕಾಲ್‌ಶೀಟ್ ಕೊಡುವುದರಿಂದ ಕೆಲವು ಅವಕಾಶ ತಪ್ಪುತ್ತವೆ, ನಿಜ. ಅದು ಹೊರಬಹುದಾದ ನಷ್ಟ. ಹೆಂಡತಿಯ ಜೊತೆ ಕೂತು ತಿಂಗಳಿಗೆ ಎಷ್ಟು ದಿನ, ಎಷ್ಟು ದುಡ್ಡು ಇದಕ್ಕೆ ಎಂದು ಇಬ್ಬರೂ ಸೇರಿ ತೀರ್ಮಾನಿಸಿ. ಅವರು ಸಾಕು ಅನ್ನುತ್ತಿರುವುದು ನಟನೆಯನ್ನೋ, ಈ ಅತಂತ್ರವನ್ನೋ ಕೇಳಿ ತಿಳಿದುಕೊಳ್ಳಿ. ಬಹಳ ಮನೆಗಳಲ್ಲಿ ಅದು ಎರಡನೆಯದು.

ಇನ್ನು ಈ ವಾರವೇ ಮಾಡಬಹುದಾದದ್ದು ಒಂದಿದೆ. ನಿಮ್ಮ ಸೀರಿಯಲ್, ಸಿನಿಮಾ ತುಣುಕುಗಳಲ್ಲಿ ಡೈಲಾಗ್ ಇರುವುದನ್ನಲ್ಲ, ನೀವು ಇನ್ನೊಬ್ಬರ ಮಾತು ಕೇಳಿಸಿಕೊಳ್ಳುತ್ತಿರುವುದನ್ನು ಆರಿಸಿ ಎರಡು ನಿಮಿಷದ ಶೋರೀಲ್ ಮಾಡಿ. ಮುಖದ ಮೂರು ಫೋಟೊ: ಎದುರಿನಿಂದ ಒಂದು, ಎರಡು ಪಕ್ಕದಿಂದ. ಪಕ್ಕದ ಫೋಟೊದಲ್ಲಿ ಮೂಗು ಮರೆಮಾಚಬೇಡಿ, ಎಡಿಟ್ ಮಾಡಿಸಬೇಡಿ. ಇನ್‌ಸ್ಪೆಕ್ಟರ್ ಪಾತ್ರ ಕೊಡುತ್ತೇನೆ ಅಂದ ಒಬ್ಬರಿಗೇ ಜೋತುಬೀಳದೆ, ಈಗ ಸಿನಿಮಾ ಮಾಡಲು ಹೊರಟ ಹೊಸಬರಿಗೂ ಕಳಿಸಿ.